ಮಾಸ್ತರರು ಮೂರು ಸಲ ಹಾಡಿದ ಹಾಡು

ಪುಣೆಗೆ ಬಂದ ಹೊಸದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಅಲ್ಲಿಯ ಜನರ ಹಾಡಿನ ಹುಚ್ಚು. ಹುಚ್ಚು ನನಗೂ ಇತ್ತು, ಆ ಮಾತು ಬೇರೆ. ಆದರೆ ಕ್ಯಾಂಪಿನ ನಮ್ಮ ಕಚೇರಿಯಲ್ಲಿ ಸೋಮವಾರ ಬೆಳಿಗ್ಗೆ ಯಾವ ಗುಮಾಸ್ತನ ಮೇಜಿನ ಹತ್ತಿರ ಹೋದರೂ ಹಿಂದಿನ ದಿನದ ನಾಟಕದ್ದೇ ಮಾತು. ಯಾವ ನಟ ಯಾವ ಪದಕ್ಕೆ ಎಷ್ಟು ಸಲ ‘ವನ್ಸ್ ಮೋರ್’ ಪಡೆದ ಎನ್ನುವುದರ ಮೇಲೆ ಊಟದ ಬಿಡುವೆಲ್ಲ ಜಗಳ. ಬೆಳಗಾವಿ, ಧಾರವಾಡದ ಕಡೆಯಿಂದ ಬಂದು ಪೇಠೆಗಳಲ್ಲಿ ಅರಿವೆ ಅಂಗಡಿ ಇಟ್ಟವರು, ಕಚೇರಿ ಸೇರಿದವರು, ನಮ್ಮವರೂ ಹಿಂದೆ ಬಿದ್ದಿರಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಮರಾಠಿಯವರಿಗಿಂತ ಜೋರಾಗಿ ಕೂಗುವುದನ್ನು ಕಲಿತುಬಿಟ್ಟಿದ್ದರು. ಹಾಡು ಮನಸ್ಸಿಗೆ ಬಂತೋ, ಕೂಗಬೇಕು. ಹಾಡಿದವನು ಅದನ್ನೇ ಮತ್ತೆ ಹಾಡಬೇಕು. ಕೂಗದೆ ಸುಮ್ಮನೆ ಕೂತರೆ ಆ ಬಡಪಾಯಿಗೆ ಅವಮಾನ ಮಾಡಿದ ಹಾಗೆ.

ನಾನು ಅವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೆ: ನಮ್ಮ ಮಾಸ್ತರರ ಹಾಡು ನೀವು ಕೇಳಿಲ್ಲ.

ಮಾಸ್ತರರೆಂದರೆ ಧಾರವಾಡದ ಹತ್ತಿರದ ನಮ್ಮೂರಿನ ಕನ್ನಡ ಶಾಲೆಯವರು, ನನಗೆ ನಾಲ್ಕನೆಯ ಇಯತ್ತೆಯಲ್ಲಿ ಕಲಿಸಿದವರು. ತಾವೇ ಹಾಡು ಕಟ್ಟುತ್ತಿದ್ದರು, ತಾವೇ ಅದಕ್ಕೊಂದು ಧಾಟಿ ಕೂಡಿಸುತ್ತಿದ್ದರು, ಹಾರ್ಮೋನಿಯಮ್ಮನ್ನು, ಅಂದರೆ ನಮ್ಮ ಕಡೆಯ ಪೇಟಿಯನ್ನು, ತಾವೇ ಬಾರಿಸಿಕೊಂಡು ಹಾಡುತ್ತಿದ್ದರು. ದೇವರ ಪದಗಳಲ್ಲ. ಗಂಡನ ಮೇಲಿನ ಸಿಟ್ಟನ್ನೆಲ್ಲ ರೊಟ್ಟಿಯ ಮೇಲೆ ತೀರಿಸಿಕೊಳ್ಳುವವಳ ಹಾಡು, ಎತ್ತು ಮಾರಿ ಬಂದು ಖಾಲಿ ಗೋದಲಿಯ ಮುಂದೆ ನಿಂತವನ ಹಾಡು, ಇಂಥವು. ಅವುಗಳಲ್ಲಿ ನನಗೆ ಜೀವಕ್ಕೆ ಜೀವವಾಗಿದ್ದದ್ದು ಸಂತೆ ಮುಗಿಸಿ ಮನೆಗೆ ನಡೆಯುವವನ ಹಾಡು. ಅದರ ಪಲ್ಲವಿ ಹೀಗಿತ್ತು:

ಸಂತಿ ಮುಗಿಸಿ ಬರುವಾಗ ಜೋಡಿ ಒಬ್ಬರಿರಬೇಕ,
ಹೊತ್ತ ಗಂಟು ಹೊರಲಿಕ್ಕಲ್ಲ, ಹೂಂ ಅನ್ನಲಿಕ್ಕ.

ಅಷ್ಟೇ. ಭಾರ ಹೊರಲು ಯಾರೂ ಬೇಡ, ನಾವು ಹೇಳಿದ್ದಕ್ಕೆ ಹೂಂಗುಟ್ಟುತ್ತ ಪಕ್ಕದಲ್ಲಿ ನಡೆಯುವವರು ಒಬ್ಬರು ಸಾಕು. ಹನ್ನೊಂದನೆಯ ವಯಸ್ಸಿನಲ್ಲಿ ಕೇಳಿದ ಈ ಎರಡು ಸಾಲು ನನ್ನ ಬಾಯಿಂದ ಇಳಿಯಲೇ ಇಲ್ಲ. ಪುಣೆಯ ಸೋಮವಾರ ಪೇಠೆಯ ನಮ್ಮ ಎರಡು ಕೋಣೆಯ ಬಿಡಾರದಲ್ಲಿ ನಾನು ದಿನಾ ಸ್ನಾನ ಮಾಡುತ್ತ ಇದನ್ನು ಹಾಡುತ್ತಿದ್ದೆ. ನನ್ನ ಹೆಂಡತಿ ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು:

“ಹಾಡ್ತೀರಿ ಖರೆ. ನಾ ಹೇಳೂದಕ್ಕ ಮಾತ್ರ ಒಂದು ದಿನಾನೂ ಹೂಂ ಅಂದಿಲ್ಲ.”

ನಾನು ಅದಕ್ಕೂ ಹೂಂ ಅನ್ನುತ್ತಿರಲಿಲ್ಲ.

ಊರಿನಲ್ಲಿ ಮಾಸ್ತರರು ಸೋಮವಾರ ಸಂಜೆ ಮಠದ ಪಡಸಾಲೆಯಲ್ಲಿ ಹಾಡುತ್ತಿದ್ದರು. ಜನ ಬಂದು ಕೈಕಟ್ಟಿ ಕೂತು ಕೇಳುತ್ತಿದ್ದರು, ಮುಗಿದ ಮೇಲೆ ಪ್ರಸಾದ ತೆಗೆದುಕೊಂಡು, ಚಪ್ಪಲಿ ಹುಡುಕಿಕೊಂಡು ಮನೆಗೆ ಹೋಗುತ್ತಿದ್ದರು. ಚೆನ್ನಾಗಿತ್ತು ಎಂದು ಯಾರೂ ಹೇಳುತ್ತಿರಲಿಲ್ಲ. ದೊಡ್ಡವರನ್ನು ಅವರ ಎದುರಿಗೇ ಹೊಗಳುವುದು ನಮ್ಮಲ್ಲಿ ಅತಿಪ್ರಸಂಗ. ಹೊಗಳಿದರೆ ದೃಷ್ಟಿಯಾಗುತ್ತದೆ ಎಂಬ ಹೆದರಿಕೆ ಬೇರೆ. ಮಾಸ್ತರರೂ ಯಾರನ್ನೂ ಕೇಳುತ್ತಿರಲಿಲ್ಲ. ಪೇಟಿಗೆ ಬಟ್ಟೆ ಹೊದಿಸಿ, ಕಂದೀಲು ಹಿಡಿದು ಹೊರಟುಬಿಡುತ್ತಿದ್ದರು.

ಅವರನ್ನು ಪುಣೆಗೆ ಕರೆಸಬೇಕೆಂಬ ಹಟ ನನಗೆ ಹತ್ತಿದ್ದು ಕಚೇರಿಯ ಜಗಳದಿಂದ. ರವಿವಾರ ಪೇಠೆಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ನಮ್ಮ ಕಡೆಯ ಸಾವಕಾರರೊಬ್ಬರು, ನಾಟಕವೆಂದರೆ ಅಂಗಡಿಯ ಬಾಗಿಲು ಹಾಕುವಂಥ ರಸಿಕರು, ತಮ್ಮ ವಾಡೆಯ ಮೇಲಿನ ದಿವಾಣಖಾನೆಯನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಬಿಟ್ಟುಕೊಡುತ್ತೇನೆ ಎಂದರು. ನಾಲ್ಕು ಸಲ ಬರೆದು ಹರಿದು, ಐದನೆಯ ಸಲ ಮಾಸ್ತರರಿಗೆ ಪತ್ರ ಹಾಕಿದೆ. ಪುಣೆಯ ಕನ್ನಡಿಗರು ತಮ್ಮ ಹಾಡು ಕೇಳಲು ಕಾದಿದ್ದಾರೆ, ಖಂಡಿತ ಮೆಚ್ಚುತ್ತಾರೆ ಎಂದು ಬರೆದೆ. ನಾನು ಮೆಚ್ಚಿದ್ದೇನೆ ಎಂದು ಮಾತ್ರ ಬರೆಯಲಿಲ್ಲ. ಅಷ್ಟು ಧೈರ್ಯ ಎಲ್ಲಿಂದ ಬರಬೇಕು?

ಅವರ ಉತ್ತರ ಕಾರ್ಡಿನಲ್ಲಿ ಬಂತು. ದುಂಡಗಿನ ಅಕ್ಷರ, ಒಂದೂ ಹೊಡೆದು ತಿದ್ದಿದ್ದಿಲ್ಲ. “ನನ್ನ ಹಾಡು ಊರ ಸೀಮೆ ದಾಟಿಲ್ಲ. ಬರುವ ವರ್ಷ ಪಿಂಚಣಿ ಆಗುತ್ತದೆ. ಮೂವತ್ತು ವರ್ಷ ಹಾಡಿದರೂ ಇವು ಹಾಡಲು ತಕ್ಕವೋ ಅಲ್ಲವೋ ಎಂಬುದು ನನಗೆ ತಿಳಿಯಲಿಲ್ಲ. ಅಲ್ಲಿಯವರು ತಿಳಿದವರೆಂದು ಕೇಳಿದ್ದೇನೆ. ಅವರಿಗೆ ಸೇರಲಿಲ್ಲವೆಂದರೆ ಪೇಟಿಯನ್ನು ಶಾಲೆಗೆ ಕೊಟ್ಟು ಸುಮ್ಮನಾಗುವೆ. ದೀಪಾವಳಿಯ ಸೂಟಿಯಲ್ಲಿ ಬರುತ್ತೇನೆ.”

ಕಾರ್ಡು ಓದಿ ಹೆಂಡತಿ ನನ್ನ ಮುಖ ನೋಡಿದಳು. “ದೊಡ್ಡ ಜವಾಬ್ದಾರಿ ತಗೊಂಡ್ರಲ್ರಿ,” ಎಂದಳು. ನಾನು ನಕ್ಕುಬಿಟ್ಟೆ. ಸೇರದೆ ಹೋಗುವ ಪ್ರಶ್ನೆಯೇ ನನಗೆ ಹೊಳೆದಿರಲಿಲ್ಲ.

ರವಿವಾರ ಬೆಳಿಗ್ಗೆ ಗಾಡಿ ಇಳಿದ ಮಾಸ್ತರರು ಮೊದಲಿಗಿಂತ ಸಣ್ಣಗೆ ಕಂಡರು. ಅದೇ ಕರಿ ಕೋಟು, ಅದೇ ರುಮಾಲು. ಪೇಟಿಯನ್ನು ಕೂಲಿಯವನ ತಲೆಗೆ ಕೊಡದೆ ತಾವೇ ಹಿಡಿದಿದ್ದರು. ಮನೆಗೆ ಬಂದು ಸ್ನಾನ ಮಾಡಿ, ಹೆಂಡತಿ ಹೋಳಿಗೆ ಮಾಡಿದ್ದರೂ ಮಜ್ಜಿಗೆ ಅನ್ನವನ್ನಷ್ಟೇ ಉಂಡರು. ಹಾಡುವ ಮೊದಲು ಹೊಟ್ಟೆ ಹಗುರ ಇರಬೇಕಂತೆ. ಹೋಳಿಗೆಯ ತಾಟು ನನ್ನ ಕಡೆ ಸರಿಯಿತು. ನಾನು ಹೊಟ್ಟೆ ತುಂಬ ಉಂಡೆ, ನಾನೇನು ಹಾಡುವವನಲ್ಲ.

ಎರಡು ಗಂಟೆಗೆ ದಿವಾಣಖಾನೆ ತುಂಬಿತ್ತು. ಐವತ್ತು ಜನ ಇರಬಹುದು. ಗಂಡಸರು ಜಮಖಾನೆಯ ಮೇಲೆ, ಹೆಂಗಸರು ಎಡಗಡೆಯ ಗೋಡೆಯ ಉದ್ದಕ್ಕೆ. ಕಿಟಕಿಯ ಕೆಳಗೆ ಪೇಠೆಯ ಗಾಡಿಗಳ ಸದ್ದು. ಸಾವಕಾರರು ಜರಿ ಅಂಚಿನ ಉಪರಣೆ ಹೊದ್ದು ಎಲ್ಲರಿಗಿಂತ ಮುಂದೆ ಕೂತಿದ್ದರು. ತಂಬೂರಿ ಮೀಟುವ ಕೆಲಸ ನನ್ನದು. ಮಾಸ್ತರರ ಬೆನ್ನ ಹಿಂದೆ ಕೂತೆ. ಅಷ್ಟು ಹತ್ತಿರದಿಂದ ಅವರ ಹಾಡು ಕೇಳುತ್ತೇನೆಂದು ಸಣ್ಣವನಿದ್ದಾಗ ಕನಸೂ ಕಂಡಿರಲಿಲ್ಲ. ನನ್ನಷ್ಟು ಸುಖಿ ಆ ಹೊತ್ತಿಗೆ ಪುಣೆಯಲ್ಲಿ ಯಾರೂ ಇರಲಿಲ್ಲ ಎಂದು ಈಗಲೂ ಆಣೆ ಮಾಡಿ ಹೇಳಬಲ್ಲೆ. ಒಂದೇ ಕೊರತೆಯೆಂದರೆ ಅವರ ಮುಖ ನನಗೆ ಕಾಣುತ್ತಿರಲಿಲ್ಲ.

ನನ್ನ ಬೇಡಿಕೆಯಂತೆ ಸಂತೆಯ ಹಾಡಿನಿಂದಲೇ ಸುರು ಮಾಡಿದರು. ದನಿ ಸ್ವಲ್ಪ ಒರಟಾಗಿತ್ತು, ಆದರೆ ಮಾತು ಹೇಳುವ ರೀತಿ ಅದೇ, ಪಕ್ಕದಲ್ಲಿ ನಡೆಯುವವನ ಜೊತೆ ಮಾತಾಡಿದ ಹಾಗೆ. ‘ಹೂಂ ಅನ್ನಲಿಕ್ಕ’ ಎಂಬಲ್ಲಿ ದನಿಯನ್ನು ತಗ್ಗಿಸಿ ಒಂದು ಗಳಿಗೆ ನಿಲ್ಲುತ್ತಿದ್ದರು. ಆ ನಿಲುಗಡೆಗೆ ನನ್ನ ಕಣ್ಣು ತುಂಬಿ ಬಂತು. ಹಾಡು ಮುಗಿಯಿತೋ ಇಲ್ಲವೋ, ಸಾವಕಾರರು ತೊಡೆ ತಟ್ಟಿ ಕೂಗಿದರು, “ವನ್ಸ್ ಮೋರ್.” ಹಿಂದಿನಿಂದ ಇಡೀ ಸಭೆ ಕೂಗಿತು.

ಮಾಸ್ತರರ ಕೈ ಪೇಟಿಯ ಮೇಲೆ ಹಾಗೇ ನಿಂತಿತು. ಅರ್ಧ ತಿರುಗಿ ಮೆಲ್ಲಗೆ ಕೇಳಿದರು, “ಏನಂತಾರ?”

“ಮತ್ತೊಮ್ಮೆ ಹಾಡ್ರಿ ಅಂತಾರ್ರಿ,” ಎಂದೆ, ಹಲ್ಲು ಕಿಸಿದು.

“ಇದನ್ನ?”

“ಇದನ್ನರಿ.”

ಅವರು ಗಂಟಲು ಸರಿಮಾಡಿಕೊಂಡರು. ಈ ಸಲ ನಿಧಾನವಾಗಿ, ಉಕ್ತಲೇಖನ ಹೇಳುವಾಗಿನಂತೆ ಒಂದೊಂದೇ ಅಕ್ಷರ ಬಿಡಿಸಿ ಹಾಡಿದರು. ಎರಡನೆಯ ಸಾಲಿಗೆ ಬಂದಾಗ ನನ್ನ ಬೆರಳು ತಂತಿಯ ಮೇಲೆ ತಪ್ಪಿತು. ಸಾಲು ಬೇರೆಯಾಗಿತ್ತು. ‘ಹೊತ್ತ ಗಂಟಿನ ಅರ್ಧ ಭಾರ ಹಂಚಿಕೊಳ್ಳಲಿಕ್ಕ.’ ಹೂಂ ಅನ್ನುವವನು ಹೋಗಿ ಕೂಲಿಯವನು ಬಂದಿದ್ದ. ಜನಕ್ಕೆ ಅದೂ ಸೇರಿತು, ಮತ್ತೆ ಕೂಗಿದರು. ಮೂರನೆಯ ಸಲ ಮಾಸ್ತರರು ಇನ್ನಷ್ಟು ತಿದ್ದಿದರು. ಜೊತೆಯವನು ಇಡೀ ಗಂಟನ್ನೇ ತನ್ನ ಹೆಗಲಿಗೆ ಏರಿಸಿಕೊಂಡ. ಧಾಟಿಯೂ ಬದಲಾಗಿ ಒಂದು ತಾನ ಸೇರಿಕೊಂಡಿತು, ನಿಲುಗಡೆ ಹಾರಿಹೋಯಿತು.

ನನಗೆ ಮೈಯೆಲ್ಲ ಉರಿಯಿತು. ಜನರ ಮೇಲೆ ಮಾತ್ರವಲ್ಲ, ಮಾಸ್ತರರ ಮೇಲೂ. ಇಷ್ಟು ವರ್ಷ ನಾನು ಎದೆಯಲ್ಲಿಟ್ಟುಕೊಂಡು ಬಂದ ಹಾಡನ್ನು ಕಟ್ಟಿದವರೇ ನನ್ನ ಕಣ್ಣೆದುರು ಒಂದೊಂದೇ ಕಲ್ಲು ಕಿತ್ತು ಕೆಡವುತ್ತಿದ್ದರು. ನಾಲ್ಕು ಜನ ಕೂಗಿದ ಮಾತ್ರಕ್ಕೆ ಇವರೂ ನಾಟಕದವರಾಗಿಬಿಟ್ಟರಲ್ಲ ಎಂದುಕೊಂಡೆ. ಸಭೆ ನಾಲ್ಕನೆಯ ಸಲ ಕೂಗಿತು.

ಮಾಸ್ತರರು ಪೇಟಿಯ ತಿದಿಯನ್ನು ಮುಚ್ಚಿದರು. ಎರಡೂ ಕೈ ಜೋಡಿಸಿದರು. “ತಿದ್ದಿ ತಿದ್ದಿ ಮೂರು ಸಲ ಹಾಡಿದೆ. ನನ್ನಿಂದ ಇಷ್ಟ ಆಗೂದು. ಕ್ಷಮಾ ಇರ್ಲಿ.”

ಸಾವಕಾರರು ಅದನ್ನು ವಿನಯವೆಂದು ತಿಳಿದರು. “ವಾಹ್, ವಾಹ್,” ಎಂದು ಇನ್ನೂ ಜೋರಾಗಿ ತೊಡೆ ತಟ್ಟಿದರು. ಗದ್ದಲ ಹೆಚ್ಚಿತು. ಮಾಸ್ತರರು ಪೇಟಿಯ ಬಟ್ಟೆಯನ್ನು ಹುಡುಕತೊಡಗಿದರು.

ಆಗ ನನ್ನ ಹೆಂಡತಿ ಎದ್ದಳು. ಅಷ್ಟು ಗಂಡಸರ ಮುಂದೆ, ತಲೆಯ ಮೇಲಿನ ಸೆರಗು ಹಿಡಿದು, ಗೋಡೆಗುಂಟ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

“ಅವರ ಮಾರಿ ನೋಡೀರೇನು? ಬೆವತು ನೀರಾಗ್ಯಾರ.”

“ಯಾಕ?”

“ಯಾಕಂದ್ರ? ಸಾಲಿ ಮಾಸ್ತರ್ರು ಯಾರಿಗೆ ಮತ್ತ ಹೇಳು ಅಂತಾರ? ತಪ್ಪು ಹೇಳಿದವ್ರಿಗೆ. ತಾವು ತಪ್ಪಿದ್ವಿ ಅಂತ ತಿಳ್ಕೊಂಡಾರ ಅವರು.”

ಅವರ ತರಗತಿಯ ಪದ್ಧತಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಪದ್ಯ ಸರಿಯಾಗಿ ಹೇಳಿದವನಿಗೆ ಅವರು ಒಂದೇ ಮಾತು ಹೇಳುತ್ತಿದ್ದರು, ‘ಕೂಡು’, ಅಂದರೆ ಕೂತುಕೋ. ಮತ್ತೊಮ್ಮೆ ಹೇಳಿಸುತ್ತಿದ್ದದ್ದು ತಪ್ಪಿದವನಿಂದ. ಸರಿಯಾಗುವ ತನಕ, ಮೂರು ಸಲ, ನಾಲ್ಕು ಸಲ. ಆ ಶಿಕ್ಷೆಯನ್ನು ನಾನೇ ಎಷ್ಟು ಸಲ ಉಂಡಿದ್ದೆನೋ. ಈಗ ಐವತ್ತು ಜನ ತಿಳಿದವರು ಅವರನ್ನು ನಿಲ್ಲಿಸಿಕೊಂಡು ಮೂರು ಸಲ ಹೇಳಿಸಿದ್ದರು, ನಾಲ್ಕನೆಯದನ್ನು ಕೇಳುತ್ತಿದ್ದರು. ಮತ್ತೊಮ್ಮೆ ಹಾಡಿ ಎಂದು ಹಲ್ಲು ಕಿಸಿದು ಹೇಳಿದವನು ನಾನು.

ತಂಬೂರಿಯನ್ನು ಹೆಂಡತಿಯ ಕೈಗೆ ಕೊಟ್ಟು ಅವರ ಕಿವಿಯ ಹತ್ತಿರ ಬಗ್ಗಿದೆ. “ಮಾಸ್ತರ್ರ, ತಪ್ಪಾಗಿಲ್ರಿ. ಭಾಳ ಸೇರಿದ್ರ ಇಲ್ಲಿ ಹಿಂಗ ಕೂಗ್ತಾರ್ರಿ.”

ಅವರು ನನ್ನನ್ನು ನೋಡಿದರು. ಮನೆಪಾಠ ಮಾಡದೆ ನೆವ ಹೇಳುವ ಹುಡುಗನನ್ನು ನೋಡುವ ಅದೇ ನೋಟ. “ಸೇರಿದ್ರ ಸುಮ್ಮನ ಕೇಳಬೇಕಲ್ಲ? ಗದ್ಲಾ ಯಾಕ ಮಾಡಬೇಕು?”

“ಪುಣೆ ಮಂದಿರಿ,” ಎಂದೆ.

ಸಾವಕಾರರಿಗೆ ಅಷ್ಟರಲ್ಲಿ ಏನೋ ಎಡವಟ್ಟಾಗಿದೆ ಎಂಬುದು ತಿಳಿಯಿತು. ಮುಂದೆ ಬಂದು ಮಾಸ್ತರರ ಕಾಲು ಮುಟ್ಟಿದರು. “ನಿಮಗ ತ್ರಾಸ ಆಗಿದ್ರ ಕ್ಷಮಾ ಮಾಡ್ರಿ. ನಮಗ ಭಾಳ ಆವಡಲ, ಭಾಳ ಸೇರ್ತು, ಅದಕ್ಕ ಕೂಗಿದ್ವಿ,” ಎಂದರು. ಗಡಿಬಿಡಿಯಾದಾಗ ಅವರ ಕನ್ನಡದಲ್ಲಿ ಮರಾಠಿ ನುಗ್ಗುತ್ತಿತ್ತು. ಮಾಸ್ತರರು ಪೂರ್ತಿ ನಂಬಿದಂತೆ ಕಾಣಲಿಲ್ಲ. ಆದರೂ ಕಾಲು ಮುಟ್ಟಿದವರ ಮಾತು ತೆಗೆದುಹಾಕುವುದು ಹೇಗೆ? ಮತ್ತೆ ಪೇಟಿ ತೆರೆದರು.

ಆಮೇಲಿನ ಎರಡು ತಾಸು ನನ್ನ ಬದುಕಿನ ಒಳ್ಳೆಯ ತಾಸುಗಳು. ಎತ್ತಿನ ಹಾಡಿಗೆ ಜನ ಕೂಗಿದಾಗ ಮಾಸ್ತರರು ತಿರುಗಿ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಒಂದಕ್ಷರ ತಿದ್ದದೆ ಅದನ್ನೇ ಹಾಡಿದರು. ರೊಟ್ಟಿ ಬಡಿಯುವವಳ ಹಾಡಿಗೆ ಹೆಂಗಸರ ಕಡೆಯಿಂದ ನಗೆಯೋ ನಗೆ, ಆ ಕಡೆಯಿಂದಲೇ ಮೊದಲ ಕೂಗು ಬಂತು. ಅದು ಯಾರದೆಂದು ತಿರುಗಿ ನೋಡುವ ಅಗತ್ಯ ನನಗಿರಲಿಲ್ಲ, ದಿನಾ ಒಲೆಯ ಮುಂದಿನಿಂದ ಕೇಳುವ ದನಿ. ಐದನೆಯ ಹಾಡಿನ ಹೊತ್ತಿಗೆ ಮಾಸ್ತರರು ತಿರುಗಿ ನೋಡುವುದನ್ನು ಬಿಟ್ಟರು. ಹಾಡು ಮುಗಿಸಿ, ಕೈಯನ್ನು ಪೇಟಿಯ ಮೇಲೇ ಇಟ್ಟುಕೊಂಡು, ಈಗ ಕೂಗುತ್ತೀರೋ ಇಲ್ಲವೋ ಎನ್ನುವಂತೆ ಸಭೆಯನ್ನು ನೋಡುತ್ತಿದ್ದರು. ಅವರ ಹೆಗಲು ನಗುತ್ತಿದ್ದದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಸಂತೆಯ ಹಾಡನ್ನು ಮಾತ್ರ ಅವರು ಮತ್ತೆ ಎತ್ತಲಿಲ್ಲ, ಕೇಳುವ ಬಾಯಿ ನನಗೂ ಬರಲಿಲ್ಲ.

ಸಂಜೆಯ ಮಿರಜ ಕಡೆಯ ಗಾಡಿಗೆ ಅವರು ಹೊರಡಬೇಕಿತ್ತು. ಮನೆಯಲ್ಲಿ ಬುತ್ತಿ ಕಟ್ಟುತ್ತ ಹೆಂಡತಿ ನನ್ನನ್ನು ಒಳಗೆ ಕರೆದಳು.

“ಹೇಳೀರೇನು ಅವರಿಗೆ?”

“ಏನು?”

“ಛಂದಿತ್ತು ಅಂತ.”

“ಅವರಿಗೆ ಗೊತ್ತದ. ಐವತ್ತು ಮಂದಿ ಕೂಗಿದ್ರಲ್ಲ.”

“ಐವತ್ತು ಮಂದಿ ಇವತ್ತು ಕೇಳಿದವ್ರು. ಹದಿನೇಳು ವರ್ಷದಿಂದ ಕೇಳಿದವ್ರು ನೀವು,” ಎಂದು ಬುತ್ತಿಯ ಗಂಟು ಬಿಗಿದಳು.

ಟಾಂಗಾದಲ್ಲಿ ಮಾಸ್ತರರು ಪೇಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಮುಖ ಹಗುರಾಗಿತ್ತು. ಸ್ವಲ್ಪ ದೂರ ಹೋದ ಮೇಲೆ ಕೇಳಿದರು, “ಇಲ್ಲಿ ಎಲ್ಲಾರಿಗೂ ಹಂಗ ಕೂಗ್ತಾರೇನು?”

“ಛಲೋ ಹಾಡಿದವ್ರಿಗೆ ಕೂಗ್ತಾರ್ರಿ.”

“ವಾರದಾಗ ಎಷ್ಟು ಮಂದಿಗೆ?”

ಅವರಿಗೆ ಸುಳ್ಳು ಹೇಳುವುದು ನನ್ನಿಂದ ಎಂದೂ ಆಗಿಲ್ಲ. “ಬೇಕಾದಷ್ಟು ಮಂದಿಗೆ ಕೂಗ್ತಾರ್ರಿ,” ಎಂದೆ.

ಅವರು ನಕ್ಕರು. ಬೇಸರದ ನಗೆಯಲ್ಲ. “ನನಗೂ ಹಂಗ ಅನಸ್ತು. ಸಂತೋಷ ಆತು, ಇಲ್ಲ ಅನ್ನಂಗಿಲ್ಲ. ಆದ್ರ ನಾ ತಿಳಕೋಬೇಕು ಅಂತ ಬಂದದ್ದು ತಿಳೀಲಿಲ್ಲ. ತಿದ್ದಿದ್ದಕ್ಕೂ ಕೂಗಿದ್ರು, ತಿದ್ದಲಾರದ್ದಕ್ಕೂ ಕೂಗಿದ್ರು.”

ಸ್ಟೇಶನ್ನು ಮುಟ್ಟುವ ತನಕ ನಾನು ಕುದುರೆಯ ಕಿವಿ ನೋಡುತ್ತ ಕೂತೆ. ಗಾಡಿ ಬಂದು ನಿಂತಿತ್ತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪೇಟಿಯನ್ನು ಮೇಲಿಟ್ಟು, ಬುತ್ತಿಯ ಗಂಟು ಮತ್ತು ಹಿತ್ತಾಳೆಯ ತಿರುಪಿನ ತಂಬಿಗೆಯನ್ನು ಅವರ ಪಕ್ಕದಲ್ಲಿಟ್ಟು ನಾನು ಕೆಳಗಿಳಿದು ಕಿಟಕಿಯ ಹತ್ತಿರ ನಿಂತೆ. ಅವರು ಕಂಬಿಯ ಮೇಲೆ ಕೈಯಿಟ್ಟು ಕೇಳಿದರು:

“ಆ ಸಂತಿ ಹಾಡು. ಮೂರರಾಗ ಯಾವುದು ಇಟ್ಕೊಳ್ಲಿ?”

“ಮೊದಲನೇದು,” ಎಂದೆ. ‘ರಿ’ ಹಚ್ಚುವುದೂ ಮರೆತಿತ್ತು. ಮಧ್ಯಾಹ್ನದ ಸಿಟ್ಟೆಲ್ಲ ಒಮ್ಮೆಲೇ ಹೊರಗೆ ಬಂತು. “ಉಳಿದೆರಡು ಬ್ಯಾಡರಿ. ಹೂಂ ಅನ್ನಲಿಕ್ಕ ಅನ್ನೂದನ್ನ ತಗದ್ರ ಆ ಹಾಡಿನ್ಯಾಗ ಏನು ಉಳೀತದ್ರಿ? ಗಂಟು ಹೊರಾಕ ಯಾರರ ಸಿಗ್ತಾರ.”

“ಆ ಸಾಲು ನಿನಗ ನೆನಪದ?”

“ನೆನಪೇನ್ರಿ. ದಿನಾ ಹಾಡ್ತೀನಿ. ಮುಂಜಾನೆ ಸ್ನಾನ ಮಾಡೂವಾಗ ಹಾಡ್ತೀನಿ, ಕ್ಯಾಂಪಿಗೆ ನಡಕೋತ ಹೋಗೂವಾಗ ಹಾಡ್ತೀನಿ. ಅಪ್ಪ ಹೋದಾಗ ಊರಿಗೆ ಹೊಂಟು ಇದ ಪ್ಲಾಟ್‌ಫಾರ್ಮಿನ ಮ್ಯಾಲೆ ನಿಂತಿದ್ದೆ. ಆವತ್ತು ಮನಸಿನ್ಯಾಗ ಅದೊಂದ ಇತ್ತು.” ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಸುರು ಮಾಡುವ ಧೈರ್ಯ ನನಗಿಲ್ಲವೆಂಬುದು ಗೊತ್ತಿತ್ತು. “ಅಷ್ಟು ಛಂದ ಹಾಡು ನಾ ಇನ್ನೊಂದು ಕೇಳಿಲ್ರಿ, ಮಾಸ್ತರ್ರ. ಪುಣೆದಾಗೂ ಕೇಳಿಲ್ಲ.”

ಮಾಸ್ತರರು ಕಂಬಿಯನ್ನು ಹಿಡಿದ ಕೈ ಸಡಿಲಿಸದೆ ಕೇಳಿದರು, “ಇಷ್ಟು ವರ್ಷ ಒಮ್ಮೆನೂ ಹೇಳಲಿಲ್ಲಲ್ಲ?”

“ನಿಮ್ಮ ಎದುರಿಗೆ ಹೆಂಗ ಹೇಳಬೇಕ್ರಿ?”

ಅವರು ನನ್ನ ತಲೆಯ ಮೇಲಿಂದ ಆಚೆ, ಏನೂ ಇಲ್ಲದ ಕಡೆ, ಕಣ್ಣು ಪಿಳುಕಿಸುತ್ತ ನೋಡಿದರು. ಆಮೇಲೆ ಪಕ್ಕದಲ್ಲಿದ್ದ ತಂಬಿಗೆಯನ್ನು ಎತ್ತಿ ಕಿಟಕಿಯಿಂದ ನನ್ನ ಕೈಗೆ ಕೊಟ್ಟರು. ತರಗತಿಯ ಗಟ್ಟಿ ದನಿಯಲ್ಲಿ ಹೇಳಿದರು:

“ಹೋಗು, ನೀರು ತುಂಬಿಸ್ಕೊಂಡು ಬಾ.”

ಗಾಡಿ ಬಿಡಲು ಇನ್ನೂ ಹೊತ್ತಿತ್ತು. ನಳ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿತ್ತು. ಓಡುವವನಂತೆ ಹೋಗಿ, ನಳದ ಮುಂದೆ ಬಗ್ಗಿ ತಿರುಪಿನ ಮುಚ್ಚಳ ತೆಗೆದೆ. ಕಂಠದವರೆಗೆ ನೀರಿತ್ತು. ಹೊರಡುವಾಗಲೇ ನನ್ನ ಹೆಂಡತಿ ತುಂಬಿಸಿ ಕೊಟ್ಟಿದ್ದಳು.

ಹಿಂದೆ ತಿರುಗಿ ಗಾಡಿಯ ಕಡೆ ನೋಡಲಿಲ್ಲ. ಆ ನೀರನ್ನು ಚೆಲ್ಲಿ, ತಂಬಿಗೆಯನ್ನು ಎರಡು ಸಲ ತೊಳೆದು, ಮತ್ತೆ ತುಂಬಿಸಿದೆ. ಅವಸರ ಮಾಡಲಿಲ್ಲ.